ಹಾಲಿನ ಪಾತ್ರೆಯಲ್ಲಿ ಕರಿದ ಪೂರಿ

ಅನುಸೂಯ ಕಟ್ಟಿದ ಚೀಲಗಳನ್ನು ನೋಡಿದ್ದರೆ ಯಾರಾದರೂ ಆ ಮನೆಯವರು ಹೊಸದುರ್ಗವನ್ನೇ ಬಿಟ್ಟು ಹೊರಟಿದ್ದಾರೆ ಎನ್ನುತ್ತಿದ್ದರು. ಅವರು ಹೊರಟದ್ದು ಹಿರಿಯೂರು ದಾಟಿ ಹೈವೇ ಪಕ್ಕದಲ್ಲಿ ಹೊಸದಾಗಿ ತೆರೆದಿದ್ದ ಆಟದ ಪಾರ್ಕಿಗೆ. ಎರಡು ಸಾವಿರದ ನಾಲ್ಕರ ದಸರಾ ರಜೆ. ಒಂದು ದಿನ ಪಾರ್ಕು, ಮರುದಿನ ದುರ್ಗದ ಕೋಟೆ, ಅಷ್ಟೆ. ಆದರೂ ಅವಳ ಚೀಲಗಳಲ್ಲಿ ಏಳು ವರ್ಷದ ಮಗಳು ಸ್ವಾತಿಗೆ ಬೇರೆ ತಟ್ಟೆ, ಬೇರೆ ಲೋಟ, ಬೇರೆ ಚಮಚ, ಎರಡು ಹೊತ್ತಿನ ಬುತ್ತಿ, ಸೋಪು, ಒರೆಸುವ ಬಟ್ಟೆ, ಮಾತ್ರೆಗಳು, ದಾವಣಗೆರೆಯ ಡಾಕ್ಟರು ಬರೆದುಕೊಟ್ಟ ಚೀಟಿ ಎಲ್ಲವೂ ಇದ್ದವು.

"ಎರಡು ಎತ್ತಿನ ಗಾಡಿ ಹೇಳಿಬಿಡಾಣೇನೋ ಮೋಹನ?" ಎಂದು ಚಂದ್ರಕ್ಕ ಬಸ್‌ಸ್ಟ್ಯಾಂಡಿನಲ್ಲಿ ಮಗನನ್ನು ಕೆಣಕಿದಳು. "ನಿನ್ ಹೆಂಡ್ತಿ ಗೋಡೆಗಳನ್ನೊಂದು ಬಿಟ್ಟು ಬಂದವ್ಳೆ. ಅವನ್ನೂ ಕಿತ್ಕಂಡು ಬರ್ತಿದ್ಲು, ಬಸ್ಸಿನ ಟೈಮಾಯ್ತು."

ಮೋಹನ್‌ಕುಮಾರ್ ನಕ್ಕ. ಅನುಸೂಯ ನಗಲಿಲ್ಲ. ಅತ್ತೆಯ ಮೇಲಿನ ಸಿಟ್ಟೇನಲ್ಲ. ಮಗಳನ್ನು ಮನೆಯಿಂದ ಹೊರಗೆ ಕರೆದೊಯ್ಯುವ ದಿನ ಅವಳ ಮುಖಕ್ಕೆ ನಗು ಬರುವುದು ರಾತ್ರಿ ವಾಪಸು ಬಂದು ಬಾಗಿಲ ಚಿಲಕ ಹಾಕಿದ ಮೇಲೆಯೇ.

ಸ್ವಾತಿಗೆ ಶೇಂಗಾ ಆಗುತ್ತಿರಲಿಲ್ಲ. ಬೇರೆ ಎಲ್ಲಿ ಹುಟ್ಟಿದ್ದರೂ ಹೇಗೋ ನಡೆದುಹೋಗುತ್ತಿತ್ತು. ಈ ಮಗು ಹುಟ್ಟಿದ್ದು ದುರ್ಗದ ಸೀಮೆಯಲ್ಲಿ. ಇಲ್ಲಿ ಚಟ್ನಿಗೆ ಶೇಂಗಾ, ಚಿತ್ರಾನ್ನಕ್ಕೆ ಶೇಂಗಾ, ಮಂಡಕ್ಕಿಗೆ ಶೇಂಗಾ, ಹೋಳಿಗೆಗೆ ಶೇಂಗಾ, ಒಗ್ಗರಣೆಗೆ ಶೇಂಗಾ ಎಣ್ಣೆ. ಬಸ್ಸಿನಲ್ಲಿ ಪಕ್ಕದವರ ಕೈಯಲ್ಲಿ ಶೇಂಗಾ, ಕಾಲಡಿ ಅದರ ಸಿಪ್ಪೆ. ಸಮುದ್ರದಲ್ಲಿ ಹುಟ್ಟಿದ ಮೀನಿಗೆ ಉಪ್ಪು ಆಗುವುದಿಲ್ಲ ಎಂದ ಹಾಗೆ ಎಂದು ಚಂದ್ರಕ್ಕ ಹೇಳುತ್ತಿದ್ದಳು. ತಮಾಷೆಯಾಗಿ ಹೇಳುತ್ತಿದ್ದಳು ನಿಜ, ಆದರೆ ಹೇಳುವಾಗ ಸೊಸೆಯ ಮುಖ ನೋಡುತ್ತಿರಲಿಲ್ಲ.

ಯಾಕೆಂದರೆ ಐದು ವರ್ಷದ ಹಿಂದೆ ಆ ಮಗುವನ್ನು ಸಾವಿನ ಬಾಗಿಲಿಗೆ ಒಯ್ದವಳು ಅವಳೇ. ಚಟ್ನಿ ನೆಕ್ಕಿದ್ದಕ್ಕೆ ತುಟಿ ಊದಿತ್ತು, ಶೇಂಗಾ ಕೊಡಬೇಡಿ ಎಂದು ಅನುಸೂಯ ಹೇಳಿದ್ದಳು. "ಶೇಂಗಾ ತಿನ್ನದ ಕೂಸು ಈ ಸೀಮೆಯಾಗೆ ಇನ್ನೂ ಹುಟ್ಟಿಲ್ಲ ಬಿಡು" ಎಂದು ನಕ್ಕು, ಸೊಸೆ ನೀರಿಗೆ ಹೋದಾಗ ಚಂದ್ರಕ್ಕ ಅಡುಗೆಮನೆಯ ಬಾಗಿಲ ಹಿಂದೆ ಮೊಮ್ಮಗಳನ್ನು ಕೂರಿಸಿಕೊಂಡು ಒಂದು ಚೂರು ಶೇಂಗಾ ಉಂಡೆ ತಿನ್ನಿಸಿದಳು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮಗುವಿನ ಮುಖ ಊದಿ ಕಣ್ಣೇ ಕಾಣದಾಯಿತು. ಉಸಿರು ಸಿಳ್ಳೆಯಂತೆ ಬರತೊಡಗಿತು. ಹೊಸದುರ್ಗದ ಡಾಕ್ಟರು ಇಂಜೆಕ್ಷನ್ ಕೊಟ್ಟು ಜೀವ ಹಿಡಿದು ನಿಲ್ಲಿಸಿದರು, ದಾವಣಗೆರೆಯ ಡಾಕ್ಟರು ಮೂರು ದಿನ ಇಟ್ಟುಕೊಂಡು ಮನೆಗೆ ಕಳಿಸಿದರು. ಒಂದು ಕಾಳಿನ ಪುಡಿ, ಒಂದು ತೊಟ್ಟು ಎಣ್ಣೆ ಕೂಡ ತಾಗಬಾರದು ಎಂದರು.

ಅನುಸೂಯ ಅತ್ತೆಗೆ ಒಂದೇ ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಚಂದ್ರಕ್ಕನಿಗೆ ಹಗುರವಾಗುತ್ತಿತ್ತು. ಆದರೆ ಅಂದಿನಿಂದ ಚಂದ್ರಕ್ಕ ಮೊಮ್ಮಗಳಿಗೆ ತುತ್ತು ಎತ್ತಿದಾಗಲೆಲ್ಲ ಸೊಸೆಯ ಕೈ ಅಡ್ಡ ಬರುತ್ತಿತ್ತು. "ಕೊಡ್ರಿ ಅತ್ತೆ, ನಾನೇ ತಿನ್ನಿಸ್ತೀನಿ." ಅಷ್ಟೆ. ಚಂದ್ರಕ್ಕ ಅವತ್ತೇ ಶೇಂಗಾ ಬಿಟ್ಟಳು. ಶೇಂಗಾ ಮಿಲ್ಲಿನ ಕೂಲಿಯಲ್ಲಿ ಬದುಕಿದ ಹೆಂಗಸು, ತುರುವನೂರಿನ ತವರಿನಲ್ಲಿ ಬೀಜದ ಶೇಂಗಾ ಒಡೆದು ಒಡೆದು ಬೆರಳು ಸವೆಸಿಕೊಂಡವಳು, ಐದು ವರ್ಷದಿಂದ ಒಂದು ಕಾಳು ಬಾಯಿಗೆ ಹಾಕಿರಲಿಲ್ಲ. ಆದರೂ ಆ ಕೈ ಅಡ್ಡ ಬರುವುದು ತಪ್ಪಿರಲಿಲ್ಲ.

ಹಿರಿಯೂರಿನಲ್ಲಿ ಬಸ್ಸು ಇಳಿದು ತಿಂಡಿಗೆಂದು ಒಂದು ಹೋಟೆಲಿಗೆ ಹೋದರು. ಮೋಹನ್‌ಕುಮಾರ್ ಗಲ್ಲಾದಲ್ಲಿ ಕೂತಿದ್ದ ಮಾಲೀಕನನ್ನು ಕೇಳಿದ, "ಏನ್ರಿ, ಶೇಂಗಾ ಎಣ್ಣೆ ಹಾಕ್ತೀರಾ?"

ಮಾಲೀಕನ ಎದೆ ಎರಡು ಗೇಣು ಉಬ್ಬಿತು. "ಶೇಂಗಾ ಬಿಟ್ರೆ ಬೇರೆ ಎಣ್ಣೆ ಈ ಹೊಸ್ತಿಲು ದಾಟಲ್ಲ ಸಾರ್! ಅಪ್ಪನ ಕಾಲದಿಂದ!"

"ಅಯ್ಯೋ, ನಮ್ ಮಗಿಗೆ ಶೇಂಗಾ ಆಗಲ್ಲ ಕಣ್ರಿ."

"ಆಗಲ್ವಾ? ಹಂಗಾದ್ರೆ ಇಡ್ಲೀಲಿ ಇಲ್ಲ ಬಿಡ್ರಿ. ಸಾಂಬಾರಲ್ಲೂ ಇಲ್ಲ. ಏನೂ ಇಲ್ಲ, ಕುಂತ್ಕಳ್ರಿ!"

ಉಸಿರು ಬದಲಾಯಿಸುವಷ್ಟರಲ್ಲಿ ಮಾತು ಬದಲಾಗಿತ್ತು. ಅನುಸೂಯ ಆಗಲೇ ಮಗಳ ಕೈ ಹಿಡಿದು ಮೆಟ್ಟಿಲಿಳಿಯುತ್ತಿದ್ದಳು. "ಇದ್ಯಾ ಅಂತ ಕೇಳಿದ್ರೆ ಐತೆ ಅಂತಾರೆ. ಇರಬಾರ್ದು ಅಂದ್ರೆ ಇಲ್ಲ ಅಂತಾರೆ. ಪಾಪ, ಗಿರಾಕಿ ಮನಸ್ಸು ನೋಯಿಸಬಾರ್ದು ಅಂತ" ಎಂದಳು. ಸ್ವಾತಿ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು, ಮನೆಯಿಂದ ತಂದ ಒಂದು ತಣ್ಣಗಿನ ಚಪಾತಿಯನ್ನು ಬೆಲ್ಲ ನಂಚಿಕೊಂಡು ತಿಂದಳು. ಮಧ್ಯಾಹ್ನದ ಮೊಸರನ್ನ ಬುತ್ತಿಚೀಲದಲ್ಲಿ ಉಳಿಯಿತು.

ಪಾರ್ಕು ಏನು ಪಾರ್ಕು! ಅಲ್ಲಿನ ತಿರುಗುವ ಚಕ್ರ ದುರ್ಗದ ಕೋಟೆಯನ್ನು ಮೇಲಿನಿಂದ ಬಗ್ಗಿ ನೋಡುವಷ್ಟು ಎತ್ತರ. ಚಂದ್ರಕ್ಕ ಅದರಲ್ಲಿ ಕೂತು ಮೇಲಕ್ಕೆ ಹೋದಾಗ, ಸತ್ತು ಹನ್ನೊಂದು ವರ್ಷವಾಗಿದ್ದ ಗಂಡ ಎತ್ತಪ್ಪನನ್ನು ಮಾತಾಡಿಸಿಕೊಂಡು ಬಂದೆ ಎಂದಳು. "ಏನಂದ್ರು ತಾತ?" ಎಂದು ಸ್ವಾತಿ ಕೇಳಿದಳು. "ಏನಂದಾನು? ಟಿಕೆಟ್ ತಗೊಂಡು ಬಂದ್ಯೋ ಹಂಗೇ ನುಗ್ಗಿದ್ಯೋ ಅಂದ." ಸ್ವಾತಿ ಪುಟ್ಟ ರೈಲಿನಲ್ಲಿ ಎರಡು ಸುತ್ತು ಹೋದಳು, ಕುದುರೆಯ ಮೇಲೆ ಮೂರು. ಸುರಂಗದೊಳಗೆ ಹೋಗುವ ಇನ್ನೊಂದು ರೈಲಿಗೆ ಮಧ್ಯಾಹ್ನ ಮೂರಕ್ಕೆ ಚೀಟಿ ಸಿಕ್ಕಿತು.

ಊಟದ ಹೊತ್ತಿಗೆ ಮರದಡಿ ಬಟ್ಟೆ ಹಾಸಿ ಬುತ್ತಿಚೀಲ ಇಟ್ಟದ್ದಷ್ಟೇ ಗೊತ್ತು. ಕರುವಿನಷ್ಟು ದೊಡ್ಡ ಕೋತಿಯೊಂದು ಬಂದು, ಚಂದ್ರಕ್ಕ "ಹಚಾ!" ಎನ್ನುವಷ್ಟರಲ್ಲಿ ಚೀಲ ಎತ್ತಿಕೊಂಡು ಕಾಂಪೌಂಡ್ ಗೋಡೆ ಹತ್ತಿತು. ಮೊಸರನ್ನದ ಡಬ್ಬ ಬಿಚ್ಚಿ ಅಲ್ಲೇ ಊಟಕ್ಕೆ ಕೂತುಬಿಟ್ಟಿತು. ಮಾತ್ರೆ, ತಟ್ಟೆ, ಚೀಟಿಯ ಚೀಲ ಅನುಸೂಯಳ ಹೆಗಲಲ್ಲೇ ಇತ್ತು, ಪುಣ್ಯ.

ಕ್ಯಾಂಟೀನು ಎದುರಿಗೇ ಇತ್ತು. ಅದರ ಮೇಲೆ ಆಳೆತ್ತರದ ಬೋರ್ಡು. ಮೋಹನ್‌ಕುಮಾರ್ ಓದಿ ಹೇಳಿದ: "ಇಲ್ಲಿ ಎಲ್ಲವನ್ನೂ ಶುದ್ಧ ಶೇಂಗಾ ಎಣ್ಣೆಯಲ್ಲಿ ಮಾಡಲಾಗುತ್ತದೆ." ಕೌಂಟರಿನಲ್ಲಿದ್ದ ಹಾಲಸ್ವಾಮಿ ಎನ್ನುವ ಮ್ಯಾನೇಜರು ಅದನ್ನೇ ಇನ್ನೂ ಜೋರಾಗಿ ಹೇಳಿದ. ಬಾಳೆಹಣ್ಣು ಕೂಡ ಇರಲಿಲ್ಲ.

ಕ್ಯಾಂಟೀನಿನ ಮೇಜುಗಳ ಮೇಲೆ ಮಕ್ಕಳು ಪೂರಿ ತಿನ್ನುತ್ತಿದ್ದರು. ಬುಗ್ಗೆಯಂತೆ ಉಬ್ಬಿದ ಪೂರಿ. ಒಂದು ಹುಡುಗಿ ಬೆರಳಿಂದ ಚುಚ್ಚಿದಾಗ ಒಳಗಿನಿಂದ ಹಬೆ ಬಂತು. ಸ್ವಾತಿ ಅದನ್ನು ಸ್ವಲ್ಪ ಹೊತ್ತು ನೋಡಿ, ಆಮೇಲೆ ಮುಖ ತಿರುಗಿಸಿ ಹೇಳಿದಳು, "ನಂಗೆ ಹಸಿವಿಲ್ಲಪ್ಪ. ನೀವು ತಿನ್ರಿ."

ಯಾರದೇ ಮನೆಯ ಮದುವೆ ಇರಲಿ, ನಾಮಕರಣ ಇರಲಿ, ಎಲೆ ಹಾಕುವ ಹೊತ್ತಿಗೆ ಆ ಮಗು ಹೇಳುವುದು ಇದನ್ನೇ.

"ಹಿರಿಯೂರಿಗೆ ವಾಪಸ್ ಹೋಗಾಣ ನಡೀರಿ" ಎಂದಳು ಅನುಸೂಯ. "ಬಾಳೆಹಣ್ಣು, ಎಳನೀರು ಏನಾದ್ರೂ ಕೊಡಿಸಿ, ಹಂಗೇ ಊರಿಗೆ ಹೋಗಿಬಿಡಾಣ."

"ಸುರಂಗದ ರೈಲು?" ಎಂದ ಮೋಹನ್‌ಕುಮಾರ್.

ಅನುಸೂಯ ಆಗಲೇ ಹಾಸಿದ್ದ ಬಟ್ಟೆ ಮಡಚತೊಡಗಿದ್ದಳು. ಸ್ವಾತಿ ರೈಲು ಬೇಕೆಂದು ಕೇಳಲಿಲ್ಲ. ಕೇಳಿದ್ದರೆ ಚಂದ್ರಕ್ಕ ತಡೆದುಕೊಳ್ಳುತ್ತಿದ್ದಳು. ಕೇಳದೇ ಇದ್ದದ್ದಕ್ಕೆ ಅವಳಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಕಣ್ಣಿಗೆ ನೀರು ಹಾಕಿಕೊಂಡು ಬರುತ್ತೇನೆಂದು ಕ್ಯಾಂಟೀನಿನ ಹಿಂದಿನ ನಲ್ಲಿಯ ಕಡೆ ಹೋದಳು.

ನಲ್ಲಿ ಇದ್ದದ್ದು ಅಡುಗೆಮನೆಯ ಕಿಟಕಿಯ ಪಕ್ಕದಲ್ಲಿ. ಒಳಗೆ ಎಣ್ಣೆ ಕುದಿಯುತ್ತಿತ್ತು. ಚಂದ್ರಕ್ಕ ಮುಖ ಒರೆಸಿಕೊಂಡವಳು ಹಾಗೇ ನಿಂತಳು. ಮತ್ತೊಂದು ಸಲ ಮೂಗೆಳೆದಳು.

ಎತ್ತಪ್ಪ ದುರ್ಗದ ಎಣ್ಣೆ ಮಿಲ್ಲಿನಲ್ಲಿ ಇಪ್ಪತ್ತೆರಡು ವರ್ಷ ದುಡಿದವನು. ಅವನ ಬನಿಯನ್ ಹಿಂಡಿದರೆ ಎರಡು ಒಗ್ಗರಣೆಗೆ ಎಣ್ಣೆ ಸಿಗುತ್ತಿತ್ತು. ಕಾದ ಶೇಂಗಾ ಎಣ್ಣೆಯ ವಾಸನೆಯನ್ನು ಚಂದ್ರಕ್ಕ ನಾಲ್ಕು ಊರಿನ ಆಚೆಯಿಂದ, ನೆಗಡಿಯಾಗಿದ್ದರೂ ಹೇಳಬಲ್ಲಳು. ಇಲ್ಲಿ ಆ ವಾಸನೆಯ ಸುಳಿವೇ ಇರಲಿಲ್ಲ.

ಬಾಗಿಲಿಗೆ ಹೋಗಿ ಒಂದು ಬೋಂಡ ಕೇಳಿ ಪಡೆದು ಕಚ್ಚಿದಳು. ಅಂಗುಳಕ್ಕೆ ಮೇಣ ಮೆತ್ತಿದ ಹಾಗಾಯಿತು. ಒಲೆಯ ಮುಂದೆ ನಲವತ್ತರ ಆಸುಪಾಸಿನ ಅಡುಗೆಯವನು ನಿಂತಿದ್ದ.

"ಏನಪ್ಪ ತಮ್ಮ, ಏನ್ ನಿನ್ನ ಹೆಸ್ರು?"

"ಫಜಲುಲ್ಲಾ ಅಮ್ಮ. ಯಾಕೆ, ಬೋಂಡ ಸರಿ ಇಲ್ವಾ?"

"ಬೋಂಡ ಬಂಗಾರದಂಗೈತೆ. ಎಣ್ಣೆ ಯಾವ್ದು?"

"ಶೇಂಗಾ ಎಣ್ಣೆ. ಬೋರ್ಡ್ ಹಾಕೈತಲ್ಲಮ್ಮ."

"ಬೋರ್ಡು ಓದಾಕೆ ನಂಗೆ ಬರಲ್ಲ. ನನ್ ಮೂಗು ಓದ್ತೈತೆ. ಈ ಎಣ್ಣೆ ಶೇಂಗಾ ಹೊಲದ ಬದೂನೂ ತುಳಿದಿಲ್ಲ, ಶೇಂಗಾ ಮಾರೋ ಸಂತೆ ಕಡೆ ತಲೇನೂ ಹಾಕಿಲ್ಲ."

ಫಜಲುಲ್ಲಾನ ಜಾಲರಿ ಸೌಟು ಎಣ್ಣೆಯಲ್ಲೇ ನಿಂತಿತು. ಅವನು ಕೌಂಟರಿನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. "ಸುಮ್ನಿರಮ್ಮ. ಮ್ಯಾನೇಜರ್ ಕೇಳಿಸ್ಕೊಂಡ್ರೆ ನನ್ ಕೆಲ್ಸ ಹೋಗ್ತದೆ."

"ಜಗಳಕ್ಕೆ ಬಂದಿಲ್ಲ ಕಣಪ್ಪ ನಾನು." ಚಂದ್ರಕ್ಕನ ದನಿಯಲ್ಲಿದ್ದ ಕೀಟಲೆ ಅಷ್ಟಕ್ಕೇ ನಿಂತುಹೋಯಿತು. "ಹೊರಗೆ ನನ್ ಮೊಮ್ಮಗ್ಳು ಅವ್ಳೆ. ಅವ್ಳಿಗೆ ಶೇಂಗಾ ವಿಷ. ಸುಮ್ನೆ ಹೇಳೋ ಮಾತಲ್ಲ, ಒಂದ್ ಸಲ ಉಸ್ರೇ ನಿಂತಿತ್ತು. ಬೋರ್ಡ್ ನೋಡಿ ಉಪವಾಸ ಹೊಂಟವ್ರೆ. ನಿನ್ ಎಣ್ಣೆ ಶೇಂಗಾದ್ದೇ ಆದ್ರೆ ಹೇಳು, ಹೋಗ್ತೀವಿ. ಅಲ್ಲದಿದ್ರೂ ಹೇಳು. ಖುಷಿ ಆಗ್ಲಿ ಅಂತ ಮಾತ್ರ ಏನೂ ಹೇಳ್ಬೇಡ."

ಫಜಲುಲ್ಲಾ ಅವಳ ಮುಖವನ್ನೇ ನೋಡಿದ. ಆಮೇಲೆ ಒಲೆ ಆರಿಸಿ ಒಳಗೆ ಕರೆದೊಯ್ದು, ಮೂಲೆಯಲ್ಲಿದ್ದ ಗೋಣಿಚೀಲ ಸರಿಸಿದ. ಹಿಂದೆ ಡಬ್ಬಗಳು ಸಾಲಾಗಿದ್ದವು. "ಪಾಮಾಯಿಲ್ ಅಮ್ಮ. ಎಲ್ಲಾ ಪಾಮಾಯಿಲ್. ಈ ಸೀಮೇಲಿ ಹಂಗಂತ ಬೋರ್ಡ್ ಹಾಕಿದ್ರೆ ಒಂದು ನೊಣಾನೂ ಬರಲ್ಲ ಅಂತಾರೆ ಮ್ಯಾನೇಜರು."

ಚಂದ್ರಕ್ಕನಿಗೆ ಕುಣಿಯುವಂತಾಯಿತು. ಜೀವಮಾನವಿಡೀ ಅವಳು ಬೈದುಕೊಂಡು ಬಂದ ಎಣ್ಣೆ ಅದು. ಅದರ ಡಬ್ಬಗಳು ಈಗ ದೇವರ ಗುಡಿಯ ಕಳಸಗಳ ಹಾಗೆ ಕಂಡವು. "ಕೊಡು ಹಂಗಾದ್ರೆ, ನಾಲ್ಕು ಪೂರಿ ಹಾಕ್ಕೊಡು, ಬಿಸೀದು!" ಎಂದು ಸೆರಗು ಒಡ್ಡಿದಳು.

ಫಜಲುಲ್ಲಾ ಅಲ್ಲಾಡಲಿಲ್ಲ. "ಆಗಲ್ಲಮ್ಮ. ಬೆಳಿಗ್ಗೆ ಇದೇ ಬಾಣಲೇಲಿ ಮಸಾಲೆ ಶೇಂಗಾ ಕರಿದೀನಿ. ಎಣ್ಣೆ ಬದ್ಲಾಯ್ಸಿಲ್ಲ. ಇದ್ರಾಗಿಂದು ಏನೂ ಕೊಡ್ಬೇಡಿ."

ಚಂದ್ರಕ್ಕನ ಕೈಯಿಂದ ಸೆರಗು ಜಾರಿತು. ಮೂಗು ಸುಳ್ಳು ಹೇಳಿರಲಿಲ್ಲ. ಆದರೆ ಮೂಗಿಗೆ ಎಲ್ಲವೂ ಗೊತ್ತಿರಲಿಲ್ಲ. ಈ ಮನುಷ್ಯ ಬಾಯಿ ಮುಚ್ಚಿಕೊಂಡಿದ್ದರೆ, ನನಗೆ ಗೊತ್ತು ಎನ್ನುವ ಅದೇ ಹಮ್ಮಿನಲ್ಲಿ ಅವಳು ಇನ್ನೊಂದು ಸಲ, ಇನ್ನೊಂದು ಬಾಗಿಲ ಹಿಂದಿನಿಂದ, ಅದೇ ಮಗುವಿಗೆ ವಿಷ ಒಯ್ಯುತ್ತಿದ್ದಳು.

"ಇರಪ್ಪ" ಎಂದಳು. "ನನ್ ಸೊಸೇನ ಕರ್ಕಂಡ್ ಬರ್ತೀನಿ. ಅವ್ಳಿಗೆ ಹೇಳು ಇದನ್ನೆಲ್ಲ. ನಂಗೆ ಹೇಳಿದ್ದು ಸಾಲದು."

ಚೀಲ ಎತ್ತಿಕೊಂಡು ಹೊರಡಲು ನಿಂತಿದ್ದ ಅನುಸೂಯಳ ಮುಂದೆ ಹೋಗಿ ಚಂದ್ರಕ್ಕ ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. ಪಾಮಾಯಿಲ್ ಹೇಳಿದಳು, ಮಸಾಲೆ ಶೇಂಗಾ ಹೇಳಿದಳು, ತಾನು ಸೆರಗು ಒಡ್ಡಿದ್ದನ್ನೂ ಹೇಳಿದಳು. ಅಷ್ಟು ಉದ್ದದ ಮಾತಿನಲ್ಲಿ ಒಂದು ಅತಿಶಯವನ್ನೂ ಸೇರಿಸದೇ ಇದ್ದದ್ದು ಅವಳ ಆಯುಷ್ಯದಲ್ಲೇ ಮೊದಲು. ಅನುಸೂಯ ಅತ್ತೆಯನ್ನು ಒಂದು ಗಳಿಗೆ ನೋಡಿ, "ನಡೀರಿ ನೋಡಾಣ" ಎಂದಳು.

ಫಜಲುಲ್ಲಾ ಅವಳಿಗೂ ಅಷ್ಟನ್ನೇ ಹೇಳಿದ. ಅನುಸೂಯಳದು ಹೊರಗಿನವರ ಹತ್ತಿರ ಮಾತು ಕಡಿಮೆ. ಆದರೆ ಇಂಥ ಜಾಗದಲ್ಲಿ ಅವಳು ವಕೀಲಳಾಗುತ್ತಿದ್ದಳು. ಶೇಂಗಾ ಇದೆಯಾ ಎಂದು ಕೇಳಲಿಲ್ಲ. ಪೂರಿಗೆ ಏನೇನು ಹಾಕುತ್ತೀರಿ, ಹಿಟ್ಟು ಎಲ್ಲಿ ಕಲೆಸುತ್ತೀರಿ, ಸಾಗುವಿಗೆ ಒಗ್ಗರಣೆ ಯಾವ ಸೌಟಿನಲ್ಲಿ, ಆ ಸೌಟು ಮತ್ತೆ ಯಾವುದಕ್ಕೆ ಎಂದು ಒಂದೊಂದಾಗಿ ಕೇಳಿದಳು. ಸಾಗು ಬೇಡ ಎಂದಾಯಿತು. ಹೊಸ ಹಿಟ್ಟಿನ ಚೀಲ ಒಡೆಯಬಹುದು, ಹೊಸ ಎಣ್ಣೆಯ ಡಬ್ಬ ಕೊಯ್ಯಬಹುದು. ತೊಡಕಿದ್ದದ್ದು ಬಾಣಲೆಯದು. ಅಲ್ಲಿದ್ದ ಮೂರೂ ಬಾಣಲೆಗಳು ಶೇಂಗಾ ಕಂಡವೇ.

"ತಿಕ್ಕಿ ತೊಳೆದ್ರೆ?" ಎಂದ ಫಜಲುಲ್ಲಾ, ಅವನಿಗೇ ನಂಬಿಕೆ ಇಲ್ಲದ ದನಿಯಲ್ಲಿ.

ಬಾಣಲೆಗಳಿಗೆ ವರ್ಷದ ಜಿಡ್ಡು ಕಪ್ಪಗೆ ಅಂಟಿತ್ತು. ಅನುಸೂಯ ತಲೆಯಾಡಿಸಿದಳು.

ಚಂದ್ರಕ್ಕನ ಕಣ್ಣು ಅಷ್ಟರಲ್ಲಿ ಪಕ್ಕದ ಒಲೆಯ ಮೇಲೆ ಹೋಗಿತ್ತು. "ಹಾಲು ಯಾವುದ್ರಾಗೆ ಕಾಯಿಸ್ತೀಯಪ್ಪ?"

"ಅದೋ, ಆ ಪಾತ್ರೇಲಿ. ಅದಕ್ಕೆ ಬೇರೆ ಏನೂ ತಾಗ್ಸಲ್ಲ ಅಮ್ಮ. ಒಂದು ಸೌಟು ತಾಗಿದ್ರೂ ಹಾಲು ಒಡೆದು ಟೀ ಎಲ್ಲ ಹಾಳು." ಹೇಳುತ್ತ ಹೇಳುತ್ತ ಫಜಲುಲ್ಲಾ ನಿಂತ. ನಕ್ಕ. "ಅರೆ!"

ಯಾವ ಮನೆಯಲ್ಲಾದರೂ, ಯಾವ ಹೋಟೆಲಿನಲ್ಲಾದರೂ ಹಾಲಿನ ಪಾತ್ರೆ ಒಂಟಿ ಪಾತ್ರೆ. ಅದನ್ನು ಬೇರೆ ತೊಳೆದು, ಬೇರೆ ಬೋರಲು ಹಾಕಿ, ಬೇರೆ ಸೌಟಿನಿಂದ ತಿರುವುತ್ತಾರೆ. ಫಜಲುಲ್ಲಾ ಅದರಲ್ಲಿದ್ದ ಹಾಲನ್ನು ಕೊಡಕ್ಕೆ ಬಗ್ಗಿಸಿ, ಪಾತ್ರೆಯನ್ನು ಬಿಸಿನೀರಲ್ಲಿ ಎರಡು ಸಲ ತೊಳೆದು, ಅನುಸೂಯ ಕೊಟ್ಟ ಬಟ್ಟೆಯಿಂದ ಒರೆಸಿದ. ತನ್ನ ಕೈಯನ್ನು ಅವಳ ಸೋಪಿನಿಂದ ಮೊಣಕೈಯವರೆಗೆ ತೊಳೆದುಕೊಂಡ. ಸ್ಟೋರಿನಿಂದ ಬಾಯಿ ಒಡೆಯದ ಡಬ್ಬ ತಂದು ಅವಳ ಮುಂದೆ ಇಟ್ಟ. ಅವಳು ಸುತ್ತಲೂ ತಿರುಗಿಸಿ ಬರೆದದ್ದನ್ನೆಲ್ಲ ಓದಿದ ಮೇಲೆಯೇ ಉಳಿ ಇಟ್ಟು ಕೊಯ್ದ.

"ಡಬ್ಬ ಕುಯ್ಯಾದು ನೋಡು, ಮಲ್ಲಿಗೆ ಮೊಗ್ಗು ಬಿಡಿಸಿದಂಗೆ" ಎಂದಳು ಚಂದ್ರಕ್ಕ.

"ನಮ್ಮಪ್ಪ ದುರ್ಗದಾಗೆ ಎಣ್ಣೆ ಮಿಲ್ಲಿನ ಡಬ್ಬಕ್ಕೆ ಬೆಸುಗೆ ಹಾಕ್ತಿದ್ರು ಅಮ್ಮ. ಶೇಂಗಾ ಎಣ್ಣೆ ಡಬ್ಬ. ಈಗ ಮಗ ಪಾಮಾಯಿಲ್ ಮುಚ್ಚಿಡ್ತಾನೆ ಅಂತ ಗೊತ್ತಾದ್ರೆ ಗೋರಿಯಿಂದ ಎದ್ದು ಬರ್ತಾರೆ."

"ಬರ್ಲಿ ಬಿಡು, ನಮ್ಮೆಜಮಾನ್ರೂ ಬರ್ತಾರೆ. ಬೆಳಿಗ್ಗೆ ಚಕ್ರದ ಮೇಲೆ ಸಿಕ್ಕಿದ್ರು. ಇಬ್ರಿಗೂ ಬೋಂಡ ಕೊಡಾಣ, ಬೈಯಾಕೆ ಬಾಯಿ ಅಂಟ್ಕಂಡಿರ್ತೈತೆ."

ಅನುಸೂಯ ತಾನು ತಂದ ತಟ್ಟೆಯಲ್ಲೇ ಹಿಟ್ಟು ಕಲೆಸಿ, ಅಂಗೈಯಲ್ಲೇ ತಟ್ಟಿದಳು. ಆ ಹೊತ್ತಿಗೆ ಟೀ ಏಕೆ ಬಂದಿಲ್ಲವೆಂದು ಹಾಲಸ್ವಾಮಿ ಒಳಗೆ ನುಗ್ಗಿದ. ಹಾಲಿನ ಪಾತ್ರೆಯಲ್ಲಿ ಎಣ್ಣೆ, ಗೋಣಿಚೀಲದ ಮರೆಯಿಲ್ಲದೆ ಬೆತ್ತಲಾಗಿ ನಿಂತ ಡಬ್ಬಗಳು, ಪಕ್ಕದಲ್ಲಿ ಗಿರಾಕಿ ಹೆಂಗಸರಿಬ್ಬರು. ಅವನ ಬಣ್ಣ ಮೂರು ಸಲ ಬದಲಾಯಿತು.

"ಏನೋ ಇದು ಫಜಲು! ಯಾರನ್ನ ಕೇಳಿ ಒಳಗೆ ಬಿಟ್ಟೆ?"

"ಅವನ್ನ ಬೈಬೇಡಪ್ಪ" ಎಂದು ಚಂದ್ರಕ್ಕ ಮುಂದೆ ಬಂದಳು. "ಹೊರಗೆ ಬಂದು ನನ್ ಮೊಮ್ಮಗ್ಳನ್ನ ನೋಡು. ನಿನ್ ಬೋರ್ಡ್ ನಂಬಿ ಆ ಮಗು ಉಪವಾಸ ಕುಂತೈತೆ. ಇವ್ನು ನಿಜ ಹೇಳಿದ್ದಕ್ಕೆ ಉಣ್ತೈತೆ. ನಾಳೆ ಇನ್ನೊಂದು ಮಗು ನಿನ್ ಬೋರ್ಡ್ ನಂಬಿ ಏನ್ ಉಣ್ತೈತೋ, ಏನ್ ಬಿಡ್ತೈತೋ. ಬೋರ್ಡ್ ತೆಗಿ. ಪಾಮಾಯಿಲ್ ಅಂತ್ಲೇ ಬರೆಸು. ಹೊಸದುರ್ಗದ ಬಸ್‌ಸ್ಟ್ಯಾಂಡಿನಾಗೆ ನಿಂತ್ಕಂಡು, ಪಾಮಾಯಿಲ್ ಅಂದ್ರೆ ಹಾಲಸ್ವಾಮಿದು ಅಂತ ಡಂಗುರ ಹೊಡಿತೀನಿ. ಜನ ಮೂರು ಮೈಲಿ ಸಾಲು ನಿಲ್ತಾರೆ."

ಹಾಲಸ್ವಾಮಿ ಕಿಟಕಿಯಿಂದ ಹೊರಗೆ ನೋಡಿದ. ಅಪ್ಪನ ಪಕ್ಕದಲ್ಲಿ ಕೈ ಕಟ್ಟಿಕೊಂಡು, ಉಂಡು ಮುಗಿಸಿದವರ ಹಾಗೆ ನೆಟ್ಟಗೆ ಕೂತಿದ್ದ ಹುಡುಗಿ ಕಂಡಳು. "ಟೀ ಅರ್ಧ ಗಂಟೆ ಇಲ್ಲ ಅಂತ ಹೇಳ್ತೀನಿ" ಎಂದು ಹೊರಟವನು ತಿರುಗಿ, "ಸಕ್ಕರೆ ಹೊಸ ಪೊಟ್ಟಣ ಒಡೀರಿ. ಆ ಡಬ್ಬಿದು ಬೇಡ, ಎಲ್ಲಾರೂ ಕೈ ಹಾಕಿರ್ತಾರೆ" ಎಂದ.

ಆಳವಾದ ಹಾಲಿನ ಪಾತ್ರೆಯಲ್ಲಿ ಪೂರಿ ಮುಳುಗಿ, ಒಂದು ಉಸಿರು ತಡೆದು, ಮೇಲೆ ಬಂದು ಚಂದ್ರನ ಹಾಗೆ ಉಬ್ಬಿತು. ಫಜಲುಲ್ಲಾ ಅದನ್ನು ಹಾಲಿನ ಸೌಟಿನಲ್ಲೇ ಎತ್ತಿ ಸ್ವಾತಿಯ ತಟ್ಟೆಗೆ ಇಟ್ಟ. ಹಣ ಕೊಡಲು ಒಳಗೆ ಬಂದ ಮೋಹನ್‌ಕುಮಾರ್ ಜೇಬಿಗೆ ಕೈ ಹಾಕಿದರೆ ಫಜಲುಲ್ಲಾ ಎರಡೂ ಕೈ ಅಡ್ಡ ಹಿಡಿದ. ಊರೆಲ್ಲ ಸೇರಿದರೂ ಮಾತಿನಲ್ಲಿ ಸೋಲಿಸಲಾಗದ ಚಂದ್ರಕ್ಕ ಎಣ್ಣೆ ಸಿಡಿದ ಆ ಕೈಗಳನ್ನು ತನ್ನ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡಳು. "ಬಿಡ್ರಮ್ಮ, ದೊಡ್ಡೋರು ನೀವು" ಎಂದು ಅವನು ಹಿಂದೆ ಸರಿದ.

ಹೊರಗೆ ಸ್ವಾತಿಯ ಮುಂದೆ ತಟ್ಟೆ ಇಟ್ಟಾಗ ಅವಳು ಮೊದಲು ಅಮ್ಮನ ಮುಖ ನೋಡಿದಳು. "ನಂಗಾ? ಇಲ್ಲಿದಾ? ತಿನ್ಬೋದಾ?"

"ತಿನ್ಬೋದು. ಮೊದ್ಲು ಒಂದು ಚೂರು. ಸ್ವಲ್ಪ ಹೊತ್ತು ನೋಡಾಣ, ಆಮೇಲೆ ಪೂರಾ" ಎಂದಳು ಅನುಸೂಯ. ಮಾತ್ರೆಯ ಪೊಟ್ಟಣ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಚಂದ್ರಕ್ಕ ಎಂದಿನ ಹಾಗೆ ಎರಡು ಹೆಜ್ಜೆ ಹಿಂದೆ ನಿಂತಳು.

"ಅತ್ತೆ."

"ಏನವ್ವ?"

"ಬೋಂಡ ಮುಟ್ಟಿದ್ರಲ್ಲ, ಸೋಪು ಹಾಕಿ ಕೈ ತೊಳ್ಕಂಡ್ ಬರ್ರಿ. ಬಾಯಿನೂ ಮುಕ್ಕಳಿಸ್ರಿ." ಅನುಸೂಯ ಸೋಪು ಚಾಚಿದಳು. "ಬಂದು ನೀವೇ ತಿನ್ನಿಸ್ರಿ."

ಚಂದ್ರಕ್ಕ ನಲ್ಲಿಗೆ ಹೋದಳು. ಕೈರೇಖೆಗಳೇ ಅಳಿಸಿಹೋಗುವಷ್ಟು ತಿಕ್ಕಿದಳು. ಒಂದು ಸಲ, ಎರಡು ಸಲ, ಮೂರು ಸಲ. "ಅಜ್ಜೀ, ಆರೋಗ್ತೈತೆ!" ಎಂದು ಸ್ವಾತಿ ಕೂಗಿದಳು. ಗೋಡೆಯ ಮೇಲೆ ಆ ಕೋತಿ ಬರಿದಾದ ಡಬ್ಬದೊಳಗೆ ಮುಖ ಹಾಕಿಕೊಂಡು ಕೂತಿತ್ತು. ವಾಪಸು ಬರುವ ದಾರಿಯಲ್ಲಿ ಚಂದ್ರಕ್ಕ ಅದಕ್ಕೂ ಒಂದು ಕೈ ಮುಗಿದಳು.

ಸ್ವಾತಿ ತಾನೇ ಬೆರಳಿಂದ ಪೂರಿ ಚುಚ್ಚಿದಳು. ಹಬೆ ಬಂತು. ಚಂದ್ರಕ್ಕ ಒಂದು ಸಣ್ಣ ಚೂರು ಮುರಿದು, ಸಕ್ಕರೆ ತಾಗಿಸಿ, ಮೊಮ್ಮಗಳ ಬಾಯಿಯ ಹತ್ತಿರ ಒಯ್ದಳು. ಅಭ್ಯಾಸಬಲದಿಂದ ಅರ್ಧ ದಾರಿಯಲ್ಲಿ ಕೈ ತಾನಾಗಿಯೇ ನಿಂತಿತು.

ಯಾರ ಕೈಯೂ ಅಡ್ಡ ಬರಲಿಲ್ಲ.

"ಅಜ್ಜಿ, ಯಾಕೆ ಅಳ್ತೀಯಾ?" ಬಾಯಲ್ಲಿ ಪೂರಿಯ ಚೂರು ಇಟ್ಟುಕೊಂಡು ಸ್ವಾತಿ ಕೇಳಿದಳು.

"ಅಳ್ತಿಲ್ಲ ಕಣೇ. ಸೋಪು. ನಿಮ್ಮಮ್ಮ ತಂದಿರೋ ಸೋಪು ಏಳು ಊರಿನ ಜನ ಕಣ್ಣುರಿ ಅಂತ ಓಡಿಹೋಗೋ ಅಂಥದ್ದು."

ಅನುಸೂಯ ನಕ್ಕಳು. ಮನೆಯ ಬಾಗಿಲು ಇನ್ನೂ ನಲವತ್ತು ಮೈಲಿ ದೂರವಿತ್ತು, ಚಿಲಕ ಹಾಕಿರಲಿಲ್ಲ. ಆದರೂ ನಕ್ಕಳು.